ಆಸ್ಪತ್ರೆಗೆ ಬರಲ್ಲ ಅಂದವಳ ಮನೆಗೂ ಹೋಗಿ

ಉಪಕೇಂದ್ರಗಳ ಸಿಸ್ಟರುಗಳಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ತಂಗಿಯರೇ,

ಮನೆಭೇಟಿಗೆ ಹೋದಾಗ ಏಳು ತಿಂಗಳು ತುಂಬಿದ ಯಾವಳೋ ಒಬ್ಬಳು ನಿಮಗೆ ಹೇಳಿರುತ್ತಾಳೆ: “ಸಿಸ್ಟರೇ, ಈ ಸಲ ನಾನು ಆಸ್ಪತ್ರೆಗೆ ಬರಲ್ಲ. ಇಲ್ಲೇ ಆಗ್ಲಿ.” ಆ ಮಾತು ಕೇಳಿದರೆ ನಿಮ್ಮ ಎದೆ ಧಸಕ್ಕೆನ್ನುತ್ತದೆ ಎಂದು ನನಗೆ ಗೊತ್ತು. ಅವಳಿಗೆ ಏನಾದರೂ ಆದರೆ ಎನ್ನುವ ಭಯ ಒಂದು ಕಡೆ. ನಿಮ್ಮ ಏರಿಯಾದಲ್ಲಿ ಮನೆಹೆರಿಗೆ ಯಾಕಾಯಿತು ಎಂದು ಮೇಲಿನವರು ಕೇಳುತ್ತಾರಲ್ಲ ಎನ್ನುವ ಭಯ ಇನ್ನೊಂದು ಕಡೆ. ಈ ಎರಡು ಭಯದ ನಡುವೆ ಬಾಯಿಂದ ಗದರಿಕೆ ಬಂದುಬಿಡುತ್ತದೆ. ರೇಷನ್ ಕಾರ್ಡ್ ನಿಲ್ಲುತ್ತದೆ, ದುಡ್ಡು ಬರುವುದಿಲ್ಲ, ಮಗುವಿಗೆ ಸರ್ಟಿಫಿಕೇಟ್ ಸಿಗುವುದಿಲ್ಲ ಎಂದೆಲ್ಲ ಹೆದರಿಸುವವರಿದ್ದಾರೆ. “ಹೆಚ್ಚುಕಮ್ಮಿ ಆದ್ರೆ ನಾವು ಜವಾಬ್ದಾರರಲ್ಲ” ಎಂದು ಬರೆಸಿಕೊಂಡು ಹೆಬ್ಬೆಟ್ಟು ಒತ್ತಿಸಿಕೊಳ್ಳುವವರೂ ಇದ್ದಾರೆ. ಆಮೇಲೆ ನಡೆಯುವುದು ಒಂದೇ. ಅವಳು ನಿಮ್ಮನ್ನು ಕಂಡರೆ ಹಿತ್ತಲ ಬಾಗಿಲಿನಿಂದ ಹೊರಗೆ ಹೋಗುತ್ತಾಳೆ, ನೋವು ಬಂದ ರಾತ್ರಿ ನಿಮಗೆ ಫೋನ್ ಬರುವುದಿಲ್ಲ.

ಈ ಕೆಲಸದಲ್ಲೇ ತಲೆ ಬೆಳ್ಳಗಾಗಿಸಿಕೊಂಡು ನಿವೃತ್ತಳಾದವಳು ನಾನು. ನಿಮ್ಮಲ್ಲಿ ನನ್ನದು ಒಂದೇ ಬೇಡಿಕೆ. ಆಸ್ಪತ್ರೆಗೆ ಬರುವುದಿಲ್ಲ ಎಂದವಳಿಗೂ ನಿಮ್ಮ ಕೈ ಬೇಕು, ಬರುತ್ತೇನೆ ಎಂದವಳಿಗಿಂತ ಹೆಚ್ಚೇ ಬೇಕು. ಅವಳ ಬಾಗಿಲಿಗೆ ಹೋಗುವುದನ್ನು ನಿಲ್ಲಿಸಬೇಡಿ.

ನಾನು ಆಸ್ಪತ್ರೆಯ ವಿರುದ್ಧ ಮಾತನಾಡುತ್ತಿಲ್ಲ. ಆಸ್ಪತ್ರೆ ಇಲ್ಲದ ಊರಲ್ಲಿ ಬಾಣಂತಿಯರು ಹೇಗೆ ಸಾಯುತ್ತಿದ್ದರು ಎಂದು ನೋಡಿದ ಪೀಳಿಗೆಯವಳು ನಾನು. 2005–06ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೊತ್ತಿಗೆ ಕರ್ನಾಟಕದಲ್ಲಿ ನೂರಕ್ಕೆ ಸುಮಾರು 65 ಹೆರಿಗೆಗಳು ಆಸ್ಪತ್ರೆಯಲ್ಲಿ ಆಗುತ್ತಿದ್ದವು. 2019–21ರ ಸಮೀಕ್ಷೆಯಲ್ಲಿ ಅದು 97ಕ್ಕೆ ಏರಿತು. ಒಂದು ಲಕ್ಷ ಜೀವಂತ ಜನನಗಳಿಗೆ 2004–06ರಲ್ಲಿ 213 ತಾಯಂದಿರು ಸಾಯುತ್ತಿದ್ದರು, 2018–20ರಲ್ಲಿ 69. ಈ ಇಳಿಕೆಯ ಹಿಂದೆ 108 ಆಂಬುಲೆನ್ಸ್ ಇದೆ, ಜನನಿ ಸುರಕ್ಷಾ ಯೋಜನೆ ಇದೆ, ಆಶಾ ಕಾರ್ಯಕರ್ತೆಯರ ಓಡಾಟ ಇದೆ, ನಿಮ್ಮ ಸವೆದ ಚಪ್ಪಲಿಗಳೂ ಇವೆ. ಆದರೂ ಆ 69 ದಕ್ಷಿಣದ ರಾಜ್ಯಗಳಲ್ಲೇ ಎಲ್ಲಕ್ಕಿಂತ ಹೆಚ್ಚು, ಕೇರಳದ್ದು 19. ಹಾಗೆಯೇ ಆ 97ರ ಆಚೆ ಉಳಿದ ಮೂವರನ್ನೂ ನೋಡಿ. ನಮ್ಮ ರಾಜ್ಯದಲ್ಲಿ ವರ್ಷಕ್ಕೆ ಒಂಬತ್ತು–ಹತ್ತು ಲಕ್ಷ ಮಕ್ಕಳು ಹುಟ್ಟುತ್ತವೆ. ನೂರಕ್ಕೆ ಮೂರು ಎಂದರೆ ಮೂವತ್ತು ಸಾವಿರದ ಹತ್ತಿರ ಹೆಂಗಸರು. ಅಷ್ಟು ಮಂದಿಯನ್ನು ‘ತಿಳುವಳಿಕೆ ಇಲ್ಲದವರು’ ಎಂದು ಒಂದೇ ಮಾತಿನಲ್ಲಿ ಬದಿಗಿಡುವುದಕ್ಕೆ ಆಗುವುದಿಲ್ಲ.

ಅವರಲ್ಲಿ ಹಲವರಿಗೆ ಮನೆಹೆರಿಗೆ ಆಯ್ಕೆಯೇ ಅಲ್ಲ. ಕಾಡಂಚಿನ ಹಾಡಿಗೆ, ಮಳೆಗಾಲದಲ್ಲಿ ಹಳ್ಳ ತುಂಬಿದ ತಾಂಡಾಕ್ಕೆ ಗಾಡಿ ಬರುವುದಿಲ್ಲ. ಕಬ್ಬು ಕಡಿಯಲು, ಇಟ್ಟಿಗೆ ಸುಡಲು ವಲಸೆ ಹೋದವಳಿಗೆ ಹತ್ತಿರದ ಆಸ್ಪತ್ರೆ ಯಾವುದು ಎಂದೇ ತಿಳಿದಿರುವುದಿಲ್ಲ. ಅವರಿಗೆ ಬೇಕಾದದ್ದು ರಸ್ತೆ ಮತ್ತು ವಾಹನ. ಆ ಜಗಳ ಬೇರೆ, ಅದನ್ನು ಪಂಚಾಯಿತಿಯಲ್ಲಿ ಆಡಬೇಕು.

ನಾನು ಹೆಚ್ಚು ಹೇಳಬೇಕಾದದ್ದು ಇನ್ನೊಂದು ಗುಂಪಿನವರ ವಿಷಯ. ಇವರಿಗೆ ಆಸ್ಪತ್ರೆ ಹತ್ತಿರವೇ ಇದೆ, ಮೊದಲ ಹೆರಿಗೆ ಅಲ್ಲೇ ಆಗಿದೆ. ಎರಡನೆಯದಕ್ಕೆ ಬೇಡ ಎನ್ನುತ್ತಾರೆ. ಯಾಕೆ ಎಂದು ಕೇಳಿ ಸುಮ್ಮನೆ ಕುಳಿತುಕೊಂಡರೆ, ನಿಧಾನವಾಗಿ ಹೇಳುತ್ತಾರೆ. ನಾನು ಹಾಗೆ ಕೇಳಿದಾಗೆಲ್ಲ ಉತ್ತರ ಹೆಚ್ಚುಕಡಿಮೆ ಒಂದೇ ಇರುತ್ತಿತ್ತು. ಜೊತೆಗೆ ಬಂದ ಅವ್ವನನ್ನು ಬಾಗಿಲಲ್ಲೇ ನಿಲ್ಲಿಸಿದರು. ತಣ್ಣನೆಯ ಕಬ್ಬಿಣದ ಟೇಬಲಿನ ಮೇಲೆ ಅಂಗಾತ ಮಲಗಿಸಿ, ಹೊರಳಲೂ ಬಿಡಲಿಲ್ಲ. ಬಾಯಾರಿದರೆ ನೀರು ಕೊಡಲಿಲ್ಲ. ಹೊಟ್ಟೆಯ ಮೇಲೆ ಮೊಣಕೈ ಇಟ್ಟು ಒತ್ತಿದರು. ಏನು, ಯಾಕೆ ಎಂದು ಹೇಳದೆ ಕೆಳಗೆ ಕೊಯ್ದು ಹೊಲಿಗೆ ಹಾಕಿದರು. ಕಿರುಚಿದ್ದಕ್ಕೆ, “ಗಂಡನ ಹತ್ರ ಹೋಗುವಾಗ ಈ ನೋವು ನೆನಪಿರಲಿಲ್ವಾ” ಎಂದರು. ಮಗುವಿನ ಮುಖ ತೋರಿಸುವುದಕ್ಕೆ ಗಂಡಾದರೆ ಇಷ್ಟು, ಹೆಣ್ಣಾದರೆ ಇಷ್ಟು ಎಂದು ದುಡ್ಡು ಕೇಳಿದರು. ತಂಗಿಯರೇ, ಇದು ಎಲ್ಲ ಆಸ್ಪತ್ರೆಗಳ ಕಥೆಯಲ್ಲ. ರಾತ್ರಿಯೆಲ್ಲ ಒಬ್ಬರೇ ನಿಂತು, ಹೆರುವವಳ ಬೆನ್ನು ನೀವುತ್ತಾ ಹೆರಿಗೆ ಮಾಡಿಸಿದ ನರ್ಸ್‌ಗಳನ್ನು ನಾನು ಬಲ್ಲೆ. ಆದರೆ ಹೆಂಗಸಿಗೆ ಹೆರಿಗೆಯ ಕೊಠಡಿಯಲ್ಲಿ ಕೇಳಿದ ಒಂದು ಮಾತು ಸಾಯುವ ತನಕ ನೆನಪಿರುತ್ತದೆ, ಅವಳ ತಂಗಿಗೆ, ನಾದಿನಿಗೆ, ಬೀದಿಯವರಿಗೆಲ್ಲ ಗೊತ್ತಾಗಿರುತ್ತದೆ.

ಅದರ ಮೇಲೆ ಸುದ್ದಿಗಳೂ ಊರು ತಲುಪುತ್ತವೆ. 2022ರ ನವೆಂಬರಿನಲ್ಲಿ ತುಮಕೂರಿನಲ್ಲಿ, ತಾಯಿ ಕಾರ್ಡ್ ಮತ್ತು ಆಧಾರ್ ಇಲ್ಲವೆಂದು ಆಸ್ಪತ್ರೆಯಲ್ಲಿ ಸೇರಿಸಿಕೊಳ್ಳದ ತುಂಬು ಗರ್ಭಿಣಿಯೊಬ್ಬಳು ಬಾಡಿಗೆ ಮನೆಗೆ ಮರಳಿ, ಅಲ್ಲೇ ಅವಳಿ ಮಕ್ಕಳೊಂದಿಗೆ ತೀರಿಕೊಂಡಳು. ಅದು ಮನೆಹೆರಿಗೆಯ ಸಾವು ಎಂದು ಬರೆಯಬಹುದು. ನನ್ನ ಮಟ್ಟಿಗೆ ಅದು ಆಸ್ಪತ್ರೆಯ ಗೇಟಿನಲ್ಲಿ ಆದ ಸಾವು. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ಸತ್ತರು, ಡ್ರಿಪ್ ಹಾಕುವ ದ್ರಾವಣದ ಗುಣಮಟ್ಟದ ಬಗ್ಗೆ ರಾಜ್ಯವೆಲ್ಲ ಮಾತಾಯಿತು. ಅದಾದ ಮೇಲೆ ನಿಮ್ಮ ಊರಿನ ಗರ್ಭಿಣಿ “ಭಯ ಆಗುತ್ತೆ” ಎಂದರೆ ಅದನ್ನು ಮೂಢನಂಬಿಕೆ ಎನ್ನುವ ಬಾಯಿ ನಮಗಿಲ್ಲ. ಕೊಯ್ದುಬಿಡುತ್ತಾರೆ ಎನ್ನುವ ಭಯವೂ ಗಾಳಿಗೆ ಹುಟ್ಟಿದ್ದಲ್ಲ. ಅದೇ 2019–21ರ ಸಮೀಕ್ಷೆಯ ಪ್ರಕಾರ ಕರ್ನಾಟಕದ ನೂರು ಹೆರಿಗೆಗಳಲ್ಲಿ 31ಕ್ಕೂ ಹೆಚ್ಚು ಸಿಸೇರಿಯನ್.

ಹಾಗೆಂದು ಮನೆ ಎಂಬುದು ತಾನಾಗಿಯೇ ತಂಪಾದ ಜಾಗವೇನೂ ಅಲ್ಲ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಸೂತಕದ ಹೆಸರಿನಲ್ಲಿ ಬಾಣಂತಿಯನ್ನೂ ಕೂಸನ್ನೂ ಊರಾಚೆಯ ಗುಡಿಸಲಿನಲ್ಲಿ ಇಟ್ಟಿದ್ದರು. ಮಳೆ ಚಳಿಯಲ್ಲಿ ಆ ಕೂಸು ಉಳಿಯಲಿಲ್ಲ. ನೋವು ಬರುತ್ತಿಲ್ಲವೆಂದು ಆರ್‌ಎಂಪಿ ಕರೆಸಿ ನೋವಿನ ಇಂಜೆಕ್ಷನ್ ಕೊಡಿಸುವ ಮನೆಗಳಿವೆ. ಗರ್ಭಕೋಶ ಒಡೆಯುವುದಕ್ಕೆ ಅದೊಂದು ಸಾಕು. ಮೊದಲ ಹಾಲು ಹಿಂಡಿ ಚೆಲ್ಲುವ, ಹುಟ್ಟಿದ ಕೂಸನ್ನು ಆ ಕ್ಷಣವೇ ನೀರಿಗೆ ಹಾಕುವ, ಬಾಣಂತಿಗೆ ನೀರು ಕೊಡದೆ ಒಣಗಿಸುವ ಮನೆಗಳೂ ಇವೆ. ‘ಮನೆಯಲ್ಲೇ ಆಗಲಿ’ ಎಂಬ ಮಾತು ಹೆರುವವಳದ್ದೋ ಅತ್ತೆಯದ್ದೋ ಎನ್ನುವುದನ್ನೂ ನೀವೇ ಪತ್ತೆ ಮಾಡಬೇಕು. ಅದನ್ನು ನಡುಮನೆಯಲ್ಲಿ ಎಲ್ಲರೆದುರು ಕೇಳಿದರೆ ನಿಜ ಹೊರಗೆ ಬರುವುದಿಲ್ಲ. ಅಂಗನವಾಡಿಯಲ್ಲಿ ತೂಕ ನೋಡುವಾಗ, ಬಿಪಿ ಪಟ್ಟಿ ಕಟ್ಟುವಾಗ, ಅವಳೊಬ್ಬಳೇ ಸಿಕ್ಕಾಗ ಕೇಳಿ. ಗಂಡ ಖರ್ಚಿನ ಚಿಂತೆಯಿಂದ ಬೇಡ ಎನ್ನುತ್ತಿದ್ದರೆ, ಸರ್ಕಾರಿ ಆಸ್ಪತ್ರೆಯ ಹೆರಿಗೆ, ಸಿಸೇರಿಯನ್, ಔಷಧ, ರಕ್ತ, ಹೋಗಿ ಬರುವ ಗಾಡಿ ಎಲ್ಲವೂ 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಉಚಿತ ಎಂದು ಗಂಡನನ್ನೇ ಕೂರಿಸಿಕೊಂಡು ಹೇಳಿ.

ಇಷ್ಟೆಲ್ಲ ಆದ ಮೇಲೂ ಅವಳು ತನ್ನ ಮನಸ್ಸಿನಿಂದಲೇ ಮನೆ ಎಂದರೆ? ಆಗ ನಿಮ್ಮ ಕೆಲಸ ಮುಗಿಯಲಿಲ್ಲ, ಶುರುವಾಯಿತು. ನಮ್ಮವರೇ ಹಿಂದೊಮ್ಮೆ ಇಂಥ ಮನೆಗಳಿಗೆ ಹೋದದ್ದರಿಂದ ಏನಾಯಿತು ಎನ್ನುವುದನ್ನು ನಿಮಗೆ ಹೇಳಲೇಬೇಕು. ಇದನ್ನು ತರಬೇತಿಯಲ್ಲಿ ಯಾರಾದರೂ ಹೇಳಿಕೊಟ್ಟಿದ್ದಾರೋ ಇಲ್ಲವೋ.

2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಒಂದು ಅಧ್ಯಯನ ನಡೆಯಿತು. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಅಮೆರಿಕದ ಸಂಶೋಧಕರ ಜೊತೆ ಸೇರಿ ಮಾಡಿದ್ದು. ಮನೆಯಲ್ಲೋ ಉಪಕೇಂದ್ರದಲ್ಲೋ ಹೆರುವ 1,620 ಮಂದಿ ಅದರಲ್ಲಿದ್ದರು. ಅವರ ಹೆರಿಗೆ ಮಾಡಿಸಿದವರು ತಜ್ಞ ವೈದ್ಯರಲ್ಲ, ನಿಮ್ಮಂಥ ಎಎನ್‌ಎಂಗಳು. ಮಗು ಹೊರಬಂದ ಕೂಡಲೇ ಅರ್ಧದಷ್ಟು ತಾಯಂದಿರಿಗೆ ಮಿಸೊಪ್ರೊಸ್ಟಾಲ್ ಮಾತ್ರೆ, ಉಳಿದರ್ಧಕ್ಕೆ ಔಷಧವಿಲ್ಲದ ಮಾತ್ರೆ ಕೊಟ್ಟರು. ಕೊಡುವವರಿಗೂ ನುಂಗುವವರಿಗೂ ಯಾವುದು ಯಾವುದೆಂದು ತಿಳಿದಿರಲಿಲ್ಲ. ಫಲಿತಾಂಶ 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಔಷಧವಿಲ್ಲದವರಲ್ಲಿ ನೂರಕ್ಕೆ 12 ಮಂದಿಗೆ ಹೆರಿಗೆಯ ನಂತರ ಅತಿ ರಕ್ತಸ್ರಾವವಾದರೆ, ಮಾತ್ರೆ ನುಂಗಿದವರಲ್ಲಿ ಅದು 6.4ಕ್ಕೆ ಇಳಿದಿತ್ತು. ಆಕ್ಸಿಟೋಸಿನ್ ಇಂಜೆಕ್ಷನ್‌ಗೆ ಫ್ರಿಜ್ ಬೇಕು, ಸೂಜಿ ಬೇಕು. ಈ ಮಾತ್ರೆಗೆ ಎರಡೂ ಬೇಡ. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಈ ಬಳಕೆಗಾಗಿ ಅದನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಜಗತ್ತಿನ ಬಡದೇಶಗಳ ಎಷ್ಟೋ ತಾಯಂದಿರ ಉಸಿರು ಬೆಳಗಾವಿಯ ಹಳ್ಳಿಮನೆಗಳಿಗೆ ಬುಡ್ಡಿ ಬೆಳಕಿನಲ್ಲೂ ಹೋದ ಸಿಸ್ಟರುಗಳಿಗೆ ಋಣಿ.

ಅದೇ ಅಧ್ಯಯನದಲ್ಲಿ ಇನ್ನೊಂದು ವಸ್ತುವೂ ಹುಟ್ಟಿತು. ಹೋದ ರಕ್ತ ಎಷ್ಟು ಎಂದು ಅಳೆಯುವುದು ಹೇಗೆ? ಸೀರೆ ನೆನೆದದ್ದು, ಚಾಪೆ ಒದ್ದೆಯಾದದ್ದು ನೋಡಿ ನಾವೆಲ್ಲ ಅಂದಾಜು ಹೇಳುತ್ತಿದ್ದೆವು. ಅಲ್ಲಿನವರು ಹೆರುವವಳ ಕೆಳಗೆ ಹಾಸುವ ಒಂದು ಪ್ಲಾಸ್ಟಿಕ್ ಹಾಳೆ ಮಾಡಿದರು. ಅದರ ತುದಿ ಆಲಿಕೆಯಂತೆ ಇಳಿದು ಚೀಲವಾಗುತ್ತದೆ, ಚೀಲದ ಮೇಲೆ ಅಳತೆಯ ಗೆರೆ. ಹಾಳೆಯ ಅಳತೆಗೆ ಹೋಲಿಸಿದಾಗ ಕಣ್ಣಂದಾಜು ಮೂರನೆಯ ಒಂದು ಪಾಲು ಕಡಿಮೆ ಹೇಳುತ್ತಿತ್ತು. ಅಂದರೆ ಬಾಣಂತಿ ಅಪಾಯದ ಗೆರೆ ದಾಟಿದ ಮೇಲೂ ನಾವು ‘ಪರವಾಗಿಲ್ಲ, ಇಷ್ಟು ಹೋಗುತ್ತೆ’ ಎಂದುಕೊಂಡು ಕುಳಿತಿರುತ್ತೇವೆ. ಹೆರಿಗೆಯ ನಂತರದ ರಕ್ತಸ್ರಾವ ಎರಡೇ ಗಂಟೆಯಲ್ಲಿ ಕೊಲ್ಲಬಲ್ಲದು. ನಮ್ಮ ಗರ್ಭಿಣಿಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಮೊದಲೇ ರಕ್ತ ಕಡಿಮೆ. ಅದೇ ಬಗೆಯ ಅಳತೆಯ ಹಾಳೆಯನ್ನು, ಕೂಡಲೇ ಕೊಡುವ ಚಿಕಿತ್ಸೆಯ ಜೊತೆ ಸೇರಿಸಿ ಕೆನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾಗಳ 80 ಆಸ್ಪತ್ರೆಗಳಲ್ಲಿ ಪರೀಕ್ಷಿಸಿದ ವರದಿ 2023ರಲ್ಲಿ ಬಂದಿದೆ. ತೀವ್ರ ರಕ್ತಸ್ರಾವ ಮತ್ತು ಅದರಿಂದಾಗುವ ಅನಾಹುತಗಳು ನೂರಕ್ಕೆ 60ರಷ್ಟು ತಗ್ಗಿದವು. ನಿಮ್ಮ ಉಪಕೇಂದ್ರದ ಕಪಾಟಿನಲ್ಲಿ ಅಂಥ ಹಾಳೆ ಒಂದಾದರೂ ಇದೆಯೇ? ಇಲ್ಲದಿದ್ದರೆ ತಿಂಗಳ ಮೀಟಿಂಗಿನಲ್ಲಿ ಕೇಳಿ. ನಮ್ಮದೇ ರಾಜ್ಯದಲ್ಲಿ ಹುಟ್ಟಿದ ವಸ್ತುವನ್ನು ಕೇಳುವುದಕ್ಕೆ ಸಂಕೋಚ ಯಾಕೆ?

ಮಾತ್ರೆಯನ್ನೂ ಕೇಳಿ. ಮನೆಹೆರಿಗೆ ಹೆಚ್ಚಿರುವ ಕಡೆಗಳಲ್ಲಿ ಆಶಾ ಮತ್ತು ಎಎನ್‌ಎಂ ಮೂಲಕ ಮಿಸೊಪ್ರೊಸ್ಟಾಲ್ ಮುಂಚಿತವಾಗಿ ತಲುಪಿಸಲು ಕೇಂದ್ರ ಆರೋಗ್ಯ ಇಲಾಖೆಯೇ 2013ರಲ್ಲಿ ಮಾರ್ಗಸೂಚಿ ಕೊಟ್ಟಿದೆ. 200 ಮೈಕ್ರೋಗ್ರಾಂನ ಮೂರು ಮಾತ್ರೆ, ಮಗು ಹುಟ್ಟಿದ ಮೇಲೆ, ಹೊಟ್ಟೆಯಲ್ಲಿ ಇನ್ನೊಂದು ಮಗು ಇಲ್ಲವೆಂದು ಮುಟ್ಟಿ ನೋಡಿ ಖಾತ್ರಿ ಮಾಡಿಕೊಂಡ ಮೇಲೆ ಮಾತ್ರ. ಮಗು ಒಳಗಿರುವಾಗ ಕೊಟ್ಟರೆ ಅದೇ ಮಾತ್ರೆ ತಾಯಿ ಮಗು ಇಬ್ಬರನ್ನೂ ಕೊಲ್ಲಬಹುದು. ಇದನ್ನು ಮನೆಯವರಿಗೆ ಒಮ್ಮೆ ಹೇಳಿದರೆ ಸಾಲದು, ಅವರ ಬಾಯಿಂದಲೇ ತಿರುಗಿ ಹೇಳಿಸಿ.

ಇನ್ನು, ಯಾರಿಗೆ ಮನೆಯಲ್ಲಿ ಬೇಡವೇ ಬೇಡ ಎಂದು ಗಟ್ಟಿಯಾಗಿ ಹೇಳಬೇಕೋ ಅವರಿಗೆ ಹೇಳಿ. ಮೊದಲು ಸಿಸೇರಿಯನ್ ಆದವಳು, ಅವಳಿ ಇರುವವಳು, ಮಗು ಅಡ್ಡವಾಗಿಯೋ ಕಾಲು ಕೆಳಗಾಗಿಯೋ ಇರುವವಳು, ಬಿಪಿ ಏರಿದವಳು, ಹಿಮೋಗ್ಲೋಬಿನ್ 7ಕ್ಕಿಂತ ಕೆಳಗಿರುವವಳು, ಹಿಂದಿನ ಹೆರಿಗೆಯಲ್ಲಿ ರಕ್ತ ಸುರಿದವಳು. ಬೆದರಿಸುವುದು ಬೇಡ, ನಿಮ್ಮ ದೇಹದಲ್ಲಿ ಹೀಗೆ ಇದೆ, ಹೀಗಾದರೆ ಮನೆಯಲ್ಲಿ ನಮ್ಮ ಕೈಯಲ್ಲಿ ಏನೂ ಇರುವುದಿಲ್ಲ ಎಂದು ಕಾರಣ ಬಿಡಿಸಿ ಹೇಳಿ. ಹೆಂಗಸರಿಗೆ ಕಾರಣ ಅರ್ಥವಾಗುತ್ತದೆ.

ಚೊಚ್ಚಲ ಹೆರಿಗೆಯ ಮಾತನ್ನು ಪ್ರತ್ಯೇಕವಾಗಿ ಹೇಳಬೇಕು. ಇಂಗ್ಲೆಂಡಿನಲ್ಲಿ 64 ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಹಿಂಬಾಲಿಸಿ ನೋಡಿದ ದೊಡ್ಡ ಅಧ್ಯಯನವೊಂದು 2011ರಲ್ಲಿ ಬಂತು. ತೊಂದರೆಯ ಲಕ್ಷಣಗಳಿಲ್ಲದ, ಈಗಾಗಲೇ ಹೆತ್ತ ಅನುಭವವಿರುವ ತಾಯಂದಿರಲ್ಲಿ ಯೋಜಿತ ಮನೆಹೆರಿಗೆಯಿಂದ ಮಗುವಿಗೆ ಹೆಚ್ಚಿನ ಅಪಾಯ ಕಾಣಲಿಲ್ಲ. ಚೊಚ್ಚಲಿನವರಲ್ಲಿ ಮಾತ್ರ ಮಗುವಿಗೆ ಅಪಾಯ ಹೆಚ್ಚಿತ್ತು, ಅವರಲ್ಲಿ ನೂರಕ್ಕೆ 45 ಮಂದಿಯನ್ನು ಕೊನೆಗೆ ಆಸ್ಪತ್ರೆಗೆ ಸಾಗಿಸಬೇಕಾಯಿತು. ಅದೂ ತರಬೇತಾದ ಸೂಲಗಿತ್ತಿಯರು ಪಕ್ಕದಲ್ಲಿದ್ದು, ಆಂಬುಲೆನ್ಸ್ ಕರೆದರೆ ಬರುವ ದೇಶದಲ್ಲಿ. ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಿ ಎನ್ನುವುದು ಪದ್ಧತಿ. ಸೀಮಂತ ಮುಗಿಸಿ ಏಳನೆಯ ತಿಂಗಳಲ್ಲೋ ಒಂಬತ್ತರಲ್ಲೋ ಅವಳು ಹೊರಡುತ್ತಾಳೆ. ತಾಯಿ ಕಾರ್ಡ್ ಗಂಡನ ಊರಿನದು, ನೋವು ಬರುವುದು ತವರಲ್ಲಿ. ಈ ಕಡೆಯ ಸಿಸ್ಟರು ‘ಊರಿಗೆ ಹೋದಳು’ ಎಂದು ರಿಜಿಸ್ಟರಿನಲ್ಲಿ ಗೆರೆ ಎಳೆದಿರುತ್ತಾರೆ, ಆ ಕಡೆಯ ಸಿಸ್ಟರಿಗೆ ಅವಳು ಬಂದಿರುವುದೇ ಗೊತ್ತಿರುವುದಿಲ್ಲ. ಎಲ್ಲರಿಗಿಂತ ಹೆಚ್ಚು ಕಣ್ಣಿಡಬೇಕಾದವಳು ಎರಡು ಊರಿನ ನಡುವೆ ಯಾರ ಕಣ್ಣಿಗೂ ಬೀಳದೆ ಹೋಗುತ್ತಾಳೆ. ಅವಳು ಬಸ್ಸು ಹತ್ತುವ ಮುಂಚೆ ತವರಿನ ಆಶಾಳ ನಂಬರ್ ಹುಡುಕಿ ಅವಳ ಕಾರ್ಡಿನ ಮೇಲೆ ಬರೆಯಿರಿ, ನೀವೇ ಒಂದು ಫೋನ್ ಮಾಡಿ ಒಪ್ಪಿಸಿ. ಇಲಾಖೆ ಹೇಳಲಿ ಎಂದು ಕಾಯಬೇಕಾಗಿಲ್ಲ.

ಮನೆ ಎಂದು ತೀರ್ಮಾನಿಸಿದವಳ ಮನೆಯಲ್ಲಿ ಒಂದು ಸಂಜೆ ಕುಳಿತು ಮಾತಾಡಿ. ಯಾವ ಕೋಣೆ, ಬೆಳಕು ಎಲ್ಲಿಂದ, ನೀರು ಯಾರು ಕಾಯಿಸುತ್ತಾರೆ, ಹೊಸ ಬ್ಲೇಡು, ಕುದಿಸಿದ ದಾರ, ಒಗೆದು ಬಿಸಿಲಿಗೆ ಒಣಗಿಸಿದ ಬಟ್ಟೆ ಎಲ್ಲಿ ಇಟ್ಟಿದ್ದೀರಿ. ಹೊಕ್ಕುಳಬಳ್ಳಿಗೆ ಬೂದಿ, ಸಗಣಿ, ಅರಿಶಿನ ಏನೂ ಸೋಕದಿರಲಿ. ಆ ಶುಚಿಯೂ ಚುಚ್ಚುಮದ್ದೂ ಸೇರಿಯೇ ಧನುರ್ವಾಯು ಹೋಯಿತು. 2015ರಲ್ಲಿ ಭಾರತ ತಾಯಿ–ಶಿಶು ಧನುರ್ವಾಯುವನ್ನು ನಿವಾರಿಸಿದ ದೇಶವೆಂದು ಘೋಷಣೆಯಾಗಿದೆ, ಅದು ನಿಮ್ಮ ಅಕ್ಕಂದಿರ ದುಡಿಮೆ. ಆಮೇಲೆ ಮುಖ್ಯವಾದ ಮಾತು: ಯಾವಾಗ ಮನೆ ಬಿಟ್ಟು ಹೊರಡಬೇಕು. ಮಗು ಹುಟ್ಟುವ ಮುಂಚೆಯೇ ರಕ್ತ ಕಂಡರೆ, ನೀರು ಹೋಗಿ ಹೊತ್ತಾದರೂ ನೋವು ಬರದಿದ್ದರೆ, ತಲೆ ಸಿಡಿದು ಕಣ್ಣು ಮಂಜಾದರೆ, ಫಿಟ್ಸ್ ಬಂದರೆ, ಬೆಳಗಿನಿಂದ ಸಂಜೆಯವರೆಗೂ ನೋವು ತಿಂದು ಮಗು ಇಳಿಯದಿದ್ದರೆ, ಅರ್ಧ ಗಂಟೆಯಾದರೂ ಮಾಸು ಬೀಳದಿದ್ದರೆ, ಹೆತ್ತ ಮೇಲೆ ಒಂದು ದಪ್ಪ ಬಟ್ಟೆ ಐದು ನಿಮಿಷದೊಳಗೆ ತೊಯ್ದುಹೋದರೆ. ಇಂಥ ಹೊತ್ತಿನಲ್ಲಿ ಹಿರಿಯರನ್ನು ಕೇಳುವ, ಗಂಡ ಹೊಲದಿಂದ ಬರಲಿ ಎನ್ನುವ ಮಾತು ನಡೆಯುವುದಿಲ್ಲ. ಹೊರಡು ಎನ್ನುವ ಅಧಿಕಾರ ಯಾರಿಗೆ ಎಂಬುದನ್ನು ಅಂದೇ, ಆ ಸಂಜೆಯೇ, ಮನೆಯವರೆಲ್ಲರ ಎದುರು ನಿರ್ಧಾರ ಮಾಡಿಸಿ. 108ರ ಜೊತೆಗೆ ಊರಿನ ಒಂದು ಆಟೋ ಅಥವಾ ಜೀಪಿನವನ ಹೆಸರೂ ಇರಲಿ.

ಹೀಗೆ ಕುಳಿತು ಮಾತಾಡುವಾಗ ಎಷ್ಟೋ ಸಲ ಮನೆ ಎನ್ನುತ್ತಿದ್ದವಳೇ ಮನಸ್ಸು ಬದಲಿಸುತ್ತಾಳೆ. ನನಗೆ ನೆನಪಿರುವ ಒಬ್ಬಳು ಎರಡನೆಯ ಬಸಿರಿನಲ್ಲಿ ಯಾರು ಹೇಳಿದರೂ ಒಪ್ಪಿರಲಿಲ್ಲ. ಅವಳಿಗೆ ಬೇಕಾದದ್ದು ಏನು ಎಂದು ಕೇಳುತ್ತಾ ಹೋದರೆ, ಅತ್ತಿಗೆ ಜೊತೆಗಿರಬೇಕು, ಅಂಗಾತ ಮಲಗಿಸಬಾರದು, ಅಷ್ಟೇ. ಪ್ರಾಥಮಿಕ ಆರೋಗ್ಯ ಕೇಂದ್ರದ ಸ್ಟಾಫ್ ನರ್ಸ್ ಜೊತೆ ಮಾತಾಡಿ ಆ ಎರಡಕ್ಕೂ ಒಪ್ಪಿಸಿದೆವು. ಅವಳು ಅಲ್ಲೇ, ಅತ್ತಿಗೆಯ ಕೊರಳು ಹಿಡಿದು ಕುಕ್ಕರಗಾಲಿನಲ್ಲಿ ಹೆತ್ತಳು. ಅವಳು ಕೇಳಿದ್ದು ದೊಡ್ಡದೇನಲ್ಲ. ಹೆರಿಗೆಯ ಹೊತ್ತಿಗೆ ಜೊತೆಗೊಬ್ಬ ಹೆಂಗಸು ಇರಬಹುದೆಂದು ಕೇಂದ್ರ ಆರೋಗ್ಯ ಇಲಾಖೆ 2016ರಲ್ಲೇ ಹೇಳಿದೆ. ಹೆರುವವಳು ತನಗೆ ಹಿತವಾದ ಭಂಗಿಯಲ್ಲಿ, ಬೇಕಾದರೆ ನೆಟ್ಟಗೆ ಕುಳಿತು ಹೆರಲಿ, ಹೊಟ್ಟೆ ಒತ್ತಬೇಡಿ, ಎಲ್ಲರಿಗೂ ಕೊಯ್ಯಬೇಡಿ, ಬಾಯಾರಿದರೆ ಕುಡಿಯಲು ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2018ರ ಶಿಫಾರಸುಗಳೂ ಹೇಳುತ್ತವೆ.

ಈ ಶಿಫಾರಸುಗಳನ್ನು ಓದಿದಾಗ ನನಗೆ ನಮ್ಮ ಕಡೆಯ ಸೂಲಗಿತ್ತಿಯರು ಕಣ್ಣ ಮುಂದೆ ಬಂದರು. ಹೊಕ್ಕುಳಬಳ್ಳಿ ಬಡಿಯುವುದು ನಿಲ್ಲುವ ತನಕ ಕತ್ತರಿಸಬೇಡ ಎನ್ನುತ್ತಿದ್ದರು ಅವರು. ಈಗ ಪುಸ್ತಕವೂ ಒಂದು ನಿಮಿಷವಾದರೂ ಕಾಯಿರಿ ಎನ್ನುತ್ತದೆ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ಏಳು ದಶಕ ಬಿಡಿಗಾಸು ಮುಟ್ಟದೆ 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು. ಗರ್ಭಿಣಿಯ ಹೊಟ್ಟೆ ಮುಟ್ಟಿ ಮಗುವಿನ ತಲೆ ಎಲ್ಲಿದೆ, ನಾಡಿ ಹೇಗಿದೆ ಎಂದು ಹೇಳಬಲ್ಲವರೆಂದು ಹೆಸರಾದವರು. 2018ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷದ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ದೆಹಲಿಯಲ್ಲಿ ಸೂಲಗಿತ್ತಿ ಸೇವೆಯ ಮಾರ್ಗಸೂಚಿ ಬಿಡುಗಡೆ ಮಾಡಿತು, ನರ್ಸ್‌ಗಳಿಗೆ ಹದಿನೆಂಟು ತಿಂಗಳ ತರಬೇತಿ ಕೊಟ್ಟು ಅವರ ಹೊಣೆಯಲ್ಲೇ ಸಹಜ ಹೆರಿಗೆ ನಡೆಸುವ ಘಟಕಗಳನ್ನು ತೆರೆಯಬೇಕೆಂದು. ಆ ತಿಂಗಳ 25ರಂದು ನರಸಮ್ಮ ತೀರಿಕೊಂಡರು. ಅವರಿಗೆ ಪ್ರಶಸ್ತಿ ಕೊಟ್ಟು ಕೈಮುಗಿದ ನಾವು, ಅವರ ಬೆರಳಿಗೆ ಗೊತ್ತಿದ್ದನ್ನು ಯಾವ ನರ್ಸಿಂಗ್ ಶಾಲೆಯಲ್ಲಾದರೂ ಕೂರಿಸಿ ಕೇಳಿಸಿಕೊಂಡೆವೇ? ಈ ನೋವು ನನಗೆ ಇನ್ನೂ ಆರಿಲ್ಲ.

ನೆರೆಯ ತೆಲಂಗಾಣದವರು ಕಾಯಲಿಲ್ಲ. ಅಲ್ಲಿ ಅರ್ಧಕ್ಕಿಂತ ಹೆಚ್ಚು ಹೆರಿಗೆಗಳು ಸಿಸೇರಿಯನ್ ಆಗುತ್ತಿದ್ದವು. ಹೈದರಾಬಾದಿನ ಫರ್ನಾಂಡಿಸ್ ಆಸ್ಪತ್ರೆಯ ಜೊತೆ ಸೇರಿ 2017ರಲ್ಲೇ ಕರೀಂನಗರದಲ್ಲಿ ಸರ್ಕಾರಿ ನರ್ಸ್‌ಗಳನ್ನು ಸೂಲಗಿತ್ತಿಯರನ್ನಾಗಿ ತಯಾರು ಮಾಡಲು ತೊಡಗಿದರು. ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ಕುಕ್ಕರಗಾಲಿನಲ್ಲಿ ಹೆರುವ ರೂಢಿಯನ್ನು ಗೌರವದಿಂದ ನೋಡಿದ ವೈದ್ಯರೂ, ಗಿರಿಜನ ಹುಡುಗಿಯರಿಗೇ ಎಎನ್‌ಎಂ ತರಬೇತಿ ಕೊಟ್ಟ ಪ್ರಯತ್ನಗಳೂ ಇದ್ದವು. ನಿಮ್ಮಲ್ಲಿ ಚಿಕ್ಕ ವಯಸ್ಸಿನವರು, ಓದುವ ಹುಮ್ಮಸ್ಸಿರುವವರು ಈ ಸೂಲಗಿತ್ತಿ ತರಬೇತಿಯ ದಾರಿ ನಮಗೂ ತೆರೆಯಲಿ ಎಂದು ಸಂಘದ ಮೂಲಕ ಒತ್ತಾಯಿಸಿ. ಊರಿನಲ್ಲಿ ಹಳೆಯ ಸೂಲಗಿತ್ತಿ ಯಾರಾದರೂ ಉಳಿದಿದ್ದರೆ ಅವರನ್ನು ದೂರ ಇಡಬೇಡಿ. ಹೊಟ್ಟೆ ಒತ್ತಬಾರದು, ಮೊದಲ ಹಾಲು ಚೆಲ್ಲಬಾರದು ಎಂದು ಅವರಿಗೆ ಹೇಳಿ. ಹೆರುವವಳ ಬೆನ್ನು ನೀವುವುದು, ಧೈರ್ಯದ ಮಾತು, ಕಾಯುವ ತಾಳ್ಮೆ ಅವರಿಂದ ಕಲಿಯಿರಿ. ಹೆರಿಗೆ ಕೊಠಡಿಗೆ ಜೊತೆಗಾರ್ತಿಯಾಗಿ ಅವರನ್ನೇ ಕರೆತನ್ನಿ.

ನಿಮ್ಮ ಮೇಲಿನ ಒತ್ತಡ ನನಗೆ ಅರ್ಥವಾಗುತ್ತದೆ. ಮನೆಹೆರಿಗೆ ಆಯಿತೆಂದರೆ ವಿವರಣೆ ಕೇಳುವ ನೋಟಿಸ್ ಬರುತ್ತದೆ, ಅದಕ್ಕೆ ಹೆದರಿ ‘ದಾರಿಯಲ್ಲಿ ಆಯಿತು’ ಎಂದು ಬರೆಯುವವರಿದ್ದಾರೆ. ಹಾಗೆ ಬರೆಯಬೇಡಿ. ಮರೆಮಾಚಿದ ಮನೆಹೆರಿಗೆಗೆ ಮಾತ್ರೆಯೂ ಬರುವುದಿಲ್ಲ, ಹಾಳೆಯೂ ಬರುವುದಿಲ್ಲ. ಮನೆಹೆರಿಗೆಗೆ ಯೋಜನೆಗಳಲ್ಲಿ ಜಾಗವೇ ಇಲ್ಲವೆಂದೂ ಅಲ್ಲ. ಜನನಿ ಸುರಕ್ಷಾ ಯೋಜನೆಯಲ್ಲಿ ಬಡತನ ರೇಖೆಗಿಂತ ಕೆಳಗಿನ ತಾಯಿಗೆ ಮನೆಯಲ್ಲಿ ಹೆತ್ತರೂ 500 ರೂಪಾಯಿ ಎಂದಿದೆ. ಆಸ್ಪತ್ರೆಯಲ್ಲಿ ಹುಟ್ಟಿದ ಕೂಸಿನ ಮನೆಗೆ ಆಶಾ ಆರು ಸಲ ಹೋಗಬೇಕಾದರೆ, ಮನೆಯಲ್ಲಿ ಹುಟ್ಟಿದ ಕೂಸಿಗೆ ಏಳು ಸಲ, ಮೊದಲ ದಿನವೂ ಸೇರಿ. ಆ ಮೊದಲ ದಿನದ ಭೇಟಿಗೆ ಸಾಧ್ಯವಾದಾಗ ಆಶಾಳ ಜೊತೆ ನೀವೂ ಹೋಗಿ. ಬಾಣಂತಿಯ ಬಟ್ಟೆ ನೋಡಿ, ಗರ್ಭಕೋಶ ಗಟ್ಟಿಯಾಗಿದೆಯೇ ಮುಟ್ಟಿ ನೋಡಿ, ಕೂಸನ್ನು ತಾಯಿಯ ಎದೆಗೆ ಒತ್ತಿ ಬೆಚ್ಚಗಿಡಿಸಿ, ತೂಕ ಮಾಡಿ, ಬಿಸಿಜಿ ಮತ್ತು ಪೋಲಿಯೊ ಹನಿಯ ದಿನ ಹೇಳಿ. ಜನನ ನೋಂದಣಿ 21 ದಿನಗಳೊಳಗೆ ಆಗಬೇಕು, ಮನೆಯಲ್ಲಿ ಹುಟ್ಟಿದ ಮಗುವಿನ ವಿಷಯ ತಿಳಿಸಬೇಕಾದವರು ಆ ಮನೆಯ ಯಜಮಾನರು. ಅವರಿಗೆ ಅರ್ಜಿ ತುಂಬಲು ಬಾರದಿದ್ದರೆ ಅಲ್ಲೇ ಕುಳಿತು ತುಂಬಿಕೊಡಿ.

ಇಂತಿ ನಿಮ್ಮ ಅಕ್ಕ,
ನಿವೃತ್ತ ಹಿರಿಯ ಮಹಿಳಾ ಆರೋಗ್ಯ ಸಹಾಯಕಿ